ಪಕ್ಷಭೇದದ ಪಾತ್ರಗಳೂ ಆಟಗಾರನ ಮನಸ್ಸೂ

ಈ ಸ್ಮರಣ ಸಂಚಿಕೆಗಾಗಿ ಅಂತರ್ಜಾಲದ ಆಟಗಳನ್ನು ಕುರಿತು ಒಂದು ಲೇಖನವನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಲಿಯ ಮಿತ್ರರು ಕೇಳಿದಾಗ ನನಗೆ ಮೊದಲು ಸಂಕೋಚವೇ ಆಯಿತು. ಶಬ್ದಮಣಿದರ್ಪಣವನ್ನೂ ಕಾವ್ಯಾವಲೋಕನವನ್ನೂ ಗುರುಮುಖೇನ ಓದಿ, ವಿದ್ವತ್ ಪರೀಕ್ಷೆಯನ್ನು ಮುಗಿಸಿ, ಸುಮಾರು ಮೂರು ದಶಕಗಳ ಕಾಲ ಕನ್ನಡ ಪಾಠ ಹೇಳಿಕೊಂಡು ಬಂದವನಿಗೂ ಬೆರಳ ತುದಿಯಲ್ಲಿ ಆಡುವ ಈ ಆಟಗಳಿಗೂ ಏನು ನಂಟು ಎಂದು ಅನೇಕರು ಕೇಳಿಯಾರು. ಆದರೂ ಒಪ್ಪಿಕೊಂಡೆ. ಒಬ್ಬ ವಿದ್ಯಾರ್ಥಿಗೆ ನಾನು ಕೊಡದೆ ಉಳಿಸಿಕೊಂಡ ಉತ್ತರವೊಂದು ಬಹುಕಾಲದಿಂದ ಮನಸ್ಸನ್ನು ಕೊರೆಯುತ್ತಿತ್ತು. ಅದನ್ನು ತೀರಿಸಲು ಇದೊಂದು ಅವಕಾಶವೆಂದು ಭಾವಿಸಿದ್ದೇನೆ.

2020ನೆಯ ಇಸವಿಯಲ್ಲಿ ಮಹಾಮಾರಿಯ ದೆಸೆಯಿಂದ ಶಾಲೆಗಳು ಮುಚ್ಚಿದ್ದು ಎಲ್ಲರ ನೆನಪಿನಲ್ಲಿಯೂ ಇದೆ. ಶಿವಮೊಗ್ಗೆಯ ನನ್ನ ಮನೆಯ ಜಗುಲಿಯಲ್ಲಿ ಕುಳಿತು ಮೊಬೈಲ್ ಫೋನಿನ ಮುಂದೆ ಹತ್ತನೆಯ ತರಗತಿಯವರಿಗೆ ರನ್ನನ ಗದಾಯುದ್ಧದ ಪಾಠ ಹೇಳುತ್ತಿದ್ದೆ. ಕೇಳುತ್ತಿದ್ದವರಲ್ಲಿ ಕೆಲವರು ನಗರದವರು, ಕೆಲವರು ಭದ್ರಾವತಿಯವರು. ಕುರುಕ್ಷೇತ್ರದಲ್ಲಿ ಹೆಣಗಳ ನಡುವೆ ಕಾಲಿಡುತ್ತ ಬರುವ ದುರ್ಯೋಧನನ ಸ್ಥಿತಿಯನ್ನು ವಿವರಿಸುತ್ತಿರುವಾಗ ಭದ್ರಾವತಿಯ ಒಬ್ಬ ಹುಡುಗ ನಡುವೆ ಬಾಯಿ ಹಾಕಿ, "ಸಾರ್, ಈ ಕಥೆಯನ್ನು ಆಟ ಮಾಡಿದರೆ ದುರ್ಯೋಧನನ ಕಡೆಯಿಂದ ಆಡಬಹುದಾ?" ಎಂದು ಕೇಳಿದ. ಉಳಿದವರು ನಕ್ಕರು. ರಾತ್ರಿಯೆಲ್ಲ ಆಟವಾಡಿ ಬೆಳಿಗ್ಗೆ ಪಾಠಕ್ಕೆ ಕುಳಿತಿದ್ದಾನೆಂದು ನನಗೂ ಸಿಟ್ಟು ಬಂತು. "ಪಾಠದ ಕಡೆ ಗಮನ ಕೊಡಪ್ಪಾ" ಎಂದು ಗದರಿಸಿ ಮುಂದಿನ ಪದ್ಯಕ್ಕೆ ಹೋದೆ. ಅಂದು ರಾತ್ರಿ ಹಾಸಿಗೆಯಲ್ಲಿ ಮಲಗಿದಾಗ ಹೊಳೆಯಿತು: ಗದಾಯುದ್ಧದ ಬಗ್ಗೆ ನನ್ನ ಗುರುಗಳ ಕಾಲದಿಂದ ಪಂಡಿತರು ಚರ್ಚಿಸುತ್ತ ಬಂದಿರುವ ಪ್ರಶ್ನೆಯನ್ನೇ ಅವನು ತನ್ನ ಭಾಷೆಯಲ್ಲಿ ಕೇಳಿದ್ದ.

ಆ ಪ್ರಶ್ನೆಯನ್ನು ಸ್ವಲ್ಪ ವಿಸ್ತರಿಸಿದರೆ ಈ ಲೇಖನದ ವಿಷಯ ದೊರೆಯುತ್ತದೆ. ಒಂದು ಪಾತ್ರವನ್ನು ಕೆಲವರು ಮೆಚ್ಚುತ್ತಾರೆ, ಕೆಲವರು ದ್ವೇಷಿಸುತ್ತಾರೆ. ಅಂಥ ಪಾತ್ರ ಆಟದೊಳಗೆ ಬಂದು ಆಟಗಾರನಿಗೆ ಒಂದು ಕೆಲಸವನ್ನು ಒಪ್ಪಿಸಿದಾಗ ಆಟಗಾರನ ಮನಸ್ಸು ಆ ಕೆಲಸದಲ್ಲಿ ತೊಡಗುತ್ತದೆಯೋ ಹಿಂಜರಿಯುತ್ತದೆಯೋ? ಏತಕ್ಕಾಗಿ?

ಬೆಸ ಎಂಬ ಮಾತು

ಮೊದಲು ಪದಗಳನ್ನು ಸ್ಪಷ್ಟಪಡಿಸಿಕೊಳ್ಳೋಣ. ಆಟಗಳಲ್ಲಿ ಮಕ್ಕಳು 'ಮಿಷನ್' ಎನ್ನುವುದಕ್ಕೆ ನಮ್ಮ ಹಳಗನ್ನಡದಲ್ಲಿ ಒಪ್ಪುವ ಮಾತೊಂದಿದೆ: ಬೆಸ. ಅಪ್ಪಣೆ ಎಂಬುದೂ ಅದರ ಅರ್ಥ, ಅಪ್ಪಣೆಯಂತೆ ಮಾಡಬೇಕಾದ ಕೆಲಸ ಎಂಬುದೂ ಅದರ ಅರ್ಥ. ಬೆಸಸುವವನೊಬ್ಬ, ಬೆಸಕೆಯ್ಯುವವನೊಬ್ಬ. ಆಟದೊಳಗಿನ ಒಂದು ಪಾತ್ರ "ಈ ಕೋಟೆಯನ್ನು ಹಿಡಿದು ಬಾ" ಎಂದು ಬೆಸಸುತ್ತದೆ. ಫೋನನ್ನೋ ಗಣಕಯಂತ್ರವನ್ನೋ ಮುಂದಿಟ್ಟುಕೊಂಡು ಕುಳಿತ ಹುಡುಗ ಅದನ್ನು ನೆರವೇರಿಸುತ್ತಾನೆ. ದೂರದೂರದ ಊರುಗಳವರು ಒಂದೇ ಹೊತ್ತಿಗೆ ಸೇರಿ ಆಡುವುದರಿಂದ ಈ ಬೆಸಗಳಿಗೆ ಅಂತರ್ಜಾಲದಲ್ಲಿ ದೊಡ್ಡ ಸಮುದಾಯವೇ ಬೆಳೆಯುತ್ತದೆ.

ಎಲ್ಲ ಆಟಗಳಲ್ಲಿಯೂ ಪಾತ್ರವೆಂಬುದು ಇರುವುದಿಲ್ಲ. ಭಾರತ ಸರ್ಕಾರ 2020ರ ಸೆಪ್ಟೆಂಬರಿನಲ್ಲಿ ನಿರ್ಬಂಧಿಸಿದ ಪಬ್‌ಜಿ ಮೊಬೈಲ್ ಎಂಬ ಆಟವನ್ನು ನಮ್ಮ ಹುಡುಗರು ಬಹಳವಾಗಿ ಆಡುತ್ತಿದ್ದರು. ಅದರಲ್ಲಿ ಇರುವುದು ವೇಷ ಮಾತ್ರ. ಅಂಗಿ ಬದಲಾಯಿಸಿದರೆ ಮನುಷ್ಯ ಬದಲಾದ. ಹಣವನ್ನು ಪಣವಾಗಿಟ್ಟು ಆಡುವ ಆಟಗಳಂತೂ ಬೇರೆಯೇ ವ್ಯವಹಾರ. ಅವುಗಳನ್ನು ಸಂಸತ್ತು 2025ರಲ್ಲಿ ಕಾನೂನಿನ ಮೂಲಕ ನಿಷೇಧಿಸಿದೆ. ನಾನಿಲ್ಲಿ ಹೇಳುವುದು ಕಥೆಯುಳ್ಳ, ಪಾತ್ರಗಳುಳ್ಳ, ಬೆಸಗಳುಳ್ಳ ಆಟಗಳ ವಿಷಯ.

ಇನ್ನು ಪಾತ್ರದ ಮಾತು. ಖಳನು ಬೇರೆ, ಪಕ್ಷಭೇದದ ಪಾತ್ರ ಬೇರೆ. ಬಕಾಸುರನ ವಿಷಯದಲ್ಲಿ ಯಾರಿಗೂ ಎರಡು ಅಭಿಪ್ರಾಯವಿಲ್ಲ. ಭೀಮ ಅವನನ್ನು ಕೊಂದರೆ ಏಕಚಕ್ರಪುರದವರೂ ಕೇಳುಗರೂ ಒಟ್ಟಿಗೆ ನಿಟ್ಟುಸಿರು ಬಿಡುತ್ತಾರೆ. ಕರ್ಣನ ವಿಷಯ ಹಾಗಲ್ಲ. ತುಂಬಿದ ಸಭೆಯಲ್ಲಿ ದ್ರೌಪದಿಯನ್ನು ಕುರಿತು ಕಟುವಾಗಿ ಆಡಿದವನೂ ಅವನೇ, ಕೇಳಿದವರಿಗೆ ಕವಚ ಕುಂಡಲಗಳನ್ನು ಕೊಟ್ಟವನೂ ಅವನೇ. ಸಮಾನ ವಿವೇಕವುಳ್ಳ ಇಬ್ಬರು ಒಂದೇ ಪಾತ್ರವನ್ನು ನೋಡಿ ಎರಡು ತೀರ್ಪು ಕೊಡುವಂತಿದ್ದರೆ ಅದು ಪಕ್ಷಭೇದದ ಪಾತ್ರ ಎನ್ನಬಹುದು.

ನಮ್ಮ ಕವಿಗಳು ಹಿಡಿದ ದಾರಿ

ಇಂಥ ಪಾತ್ರಗಳನ್ನು ನಿರ್ವಹಿಸುವುದರಲ್ಲಿ ಕನ್ನಡ ಕವಿಗಳು ಸಾವಿರ ವರ್ಷಗಳಿಂದ ಪಳಗಿದವರು. ಪಂಪನು 941ರಲ್ಲಿ ವಿಕ್ರಮಾರ್ಜುನವಿಜಯವನ್ನು ರಚಿಸಿದಾಗ ಅವನ ಕಥಾನಾಯಕ ಅರ್ಜುನ. ಆಶ್ರಯದಾತನಾದ ಅರಿಕೇಸರಿಯನ್ನು ಆ ಅರ್ಜುನನೊಡನೆ ಸಮೀಕರಿಸಿದ್ದಾನೆ. ಹಾಗಿದ್ದರೂ ಓದುಗನ ಎದೆಯಲ್ಲಿ ಉಳಿಯುವವನು ಕರ್ಣ. ರನ್ನನೂ ತನ್ನ ಗದಾಯುದ್ಧದಲ್ಲಿ ಭೀಮನನ್ನು ನಾಯಕನನ್ನಾಗಿ ಮಾಡಿ, ದುರ್ಯೋಧನನಿಗೆ ಆ ಹೆಣಗಳ ನಡುವಿನ ನಡಿಗೆಯನ್ನು ಕೊಟ್ಟ. ಶತ್ರುಪಕ್ಷದ ಬಾಲಕ ಅಭಿಮನ್ಯುವಿನ ಶವದ ಮುಂದೆ ನಿಂತು ಅವನ ಪರಾಕ್ರಮವನ್ನು ಕೊಂಡಾಡುವ ದುರ್ಯೋಧನನನ್ನು ಬರಿಯ ಖಳನೆನ್ನಲು ಯಾರಿಗೆ ಬಾಯಿ ಬರುತ್ತದೆ? ಬಿ.ಎಂ.ಶ್ರೀಯವರು ಈ ಕಾವ್ಯದಿಂದಲೇ ತಮ್ಮ ಗದಾಯುದ್ಧ ನಾಟಕವನ್ನು ರೂಪಿಸಿದ್ದು ಈ ಗುಣವನ್ನು ಕಂಡೇ. ನಾಗಚಂದ್ರನ ರಾವಣನೂ, ನಮ್ಮ ಜಿಲ್ಲೆಯ ಕುಪ್ಪಳಿಯಲ್ಲಿ ಬೆಳೆದ ಕುವೆಂಪು ಅವರು 1949ರಲ್ಲಿ ಪ್ರಕಟಿಸಿದ ಶ್ರೀರಾಮಾಯಣದರ್ಶನಂ ಕಾವ್ಯದ ರಾವಣನೂ ಇದೇ ಪಂಕ್ತಿಯವರು.

ಆದರೆ ಬೆಸದ ಪ್ರಶ್ನೆಗೆ ಎಲ್ಲಕ್ಕಿಂತ ಸಮೀಪವಾದ ಕಾವ್ಯ ರಾಘವಾಂಕನ ಹರಿಶ್ಚಂದ್ರಕಾವ್ಯ. ಅಲ್ಲಿ ಬೆಸಸುವವನು ವಿಶ್ವಾಮಿತ್ರ. ಇಂದ್ರನ ಸಭೆಯಲ್ಲಿ ವಸಿಷ್ಠನೊಡನೆ ಪಂಥ ಕಟ್ಟಿ ಬಂದವನು ಹರಿಶ್ಚಂದ್ರನನ್ನು ಒಂದಾದ ಮೇಲೊಂದು ಸಂಕಟಕ್ಕೆ ನೂಕುತ್ತಾನೆ: ರಾಜ್ಯ ಹೋಗುತ್ತದೆ, ಕಾಶಿಯ ಬೀದಿಯಲ್ಲಿ ಹೆಂಡತಿ ಮಕ್ಕಳ ಮಾರಾಟವಾಗುತ್ತದೆ, ತಾನು ಸುಡುಗಾಡು ಕಾಯಬೇಕಾಗುತ್ತದೆ, ಕೊನೆಗೆ ಚಂದ್ರಮತಿಯ ಮೇಲೆಯೇ ಕತ್ತಿ ಎತ್ತಬೇಕಾಗುತ್ತದೆ. ವಿಶ್ವಾಮಿತ್ರ ಕ್ರೂರಿಯೋ, ಸತ್ಯದ ಹೊಳಪನ್ನು ಲೋಕಕ್ಕೆ ತೋರಿಸಿದ ಒರೆಗಲ್ಲೋ? ಈ ಪ್ರಶ್ನೆಯನ್ನು ತರಗತಿಯಲ್ಲಿ ಕೇಳಿದಾಗಲೆಲ್ಲ ಹುಡುಗರು ಎರಡು ಪಾಳೆಯವಾಗುವುದನ್ನು ಕಂಡಿದ್ದೇನೆ.

ಹೀಗಿದ್ದರೂ ಓದುಗ ಪುಸ್ತಕವನ್ನು ಮುಚ್ಚಿ ಎದ್ದು ಹೋಗುವುದಿಲ್ಲ. ಏಕೆಂದರೆ ಹರಿಶ್ಚಂದ್ರನಿಗೆ ಒಂದು ಬಾಗಿಲು ಕಡೆಯತನಕ ತೆರೆದೇ ಇದೆ. ಒಂದು ಸುಳ್ಳಾಡಿದರೆ ಸಾಕು, ಎಲ್ಲ ಸಂಕಟವೂ ಮುಗಿದುಹೋಗುತ್ತದೆ. ಆ ಬಾಗಿಲನ್ನು ಹರಿಶ್ಚಂದ್ರ ತಾನಾಗಿ ಹಾದುಹೋಗುವುದಿಲ್ಲ. ಆದ್ದರಿಂದ ಬೆಸ ವಿಶ್ವಾಮಿತ್ರನದಾದರೂ ಕೃತಿ ಹರಿಶ್ಚಂದ್ರನದು. ಈ ಬಾಗಿಲಿನ ಮಾತನ್ನು ಓದುಗರು ಮನಸ್ಸಿನಲ್ಲಿಟ್ಟುಕೊಳ್ಳಬೇಕೆಂದು ಕೋರುತ್ತೇನೆ. ಮುಂದೆ ಮತ್ತೆ ಅಲ್ಲಿಗೇ ಬರುತ್ತೇನೆ.

ತಾಳಮದ್ದಲೆಯ ಸಭೆ

ಕಾವ್ಯವನ್ನು ಓದುವವನು ಒಬ್ಬನೇ ಕುಳಿತಿರುತ್ತಾನೆ. ಸಭೆಯಲ್ಲಿ ಏನಾಗುತ್ತದೆಂಬುದನ್ನು ನೋಡಬೇಕಾದರೆ ತಾಳಮದ್ದಲೆಗೆ ಹೋಗಬೇಕು. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಬಯಲುಸೀಮೆಯ ನಮ್ಮ ದಾನಿಗಳಿಗಾಗಿ ಹೇಳುತ್ತೇನೆ: ಯಕ್ಷಗಾನದ ಪ್ರಸಂಗವನ್ನೇ ವೇಷವಿಲ್ಲದೆ, ಕುಣಿತವಿಲ್ಲದೆ, ಭಾಗವತರ ಪದಕ್ಕೆ ಅರ್ಥಧಾರಿಗಳು ಕುಳಿತಲ್ಲಿಯೇ ಮಾತು ಕಟ್ಟುತ್ತ ನಡೆಸುವ ಕಲೆ ಅದು. ಅಲ್ಲಿ ವಾಲಿವಧೆಯ ಪ್ರಸಂಗಕ್ಕೆ ಇಂದಿಗೂ ಬೇಡಿಕೆಯಿದೆ. ಮರೆಯಲ್ಲಿ ನಿಂತು ಬಾಣ ಬಿಟ್ಟೆಯೇಕೆಂದು ಬಿದ್ದ ವಾಲಿ ಶ್ರೀರಾಮನನ್ನು ಪ್ರಶ್ನಿಸುತ್ತಾನೆ. ರಾಮ ಉತ್ತರ ಹೇಳಬೇಕು. ಕಾಸರಗೋಡಿನ ಸೀಮೆಯ ಶೇಣಿ ಗೋಪಾಲಕೃಷ್ಣ ಭಟ್ಟರು ವಾಲಿಯಾಗಿ, ರಾವಣನಾಗಿ ಕುಳಿತರೆಂದರೆ ಅವರ ವಾದವನ್ನು ಕೇಳುವುದಕ್ಕೆಂದೇ ಜನ ದೂರದಿಂದ ಬರುತ್ತಿದ್ದರು. ಬಂದವರೆಲ್ಲ ರಾಮಭಕ್ತರೇ. ಆದರೂ ವಾಲಿಯ ಒಂದು ಮಾತಿಗೆ ಸಭೆಯ ಅರ್ಧ ತಲೆದೂಗಿದರೆ ರಾಮನ ಮರುಮಾತಿಗೆ ಉಳಿದರ್ಧ ತಲೆದೂಗುತ್ತದೆ. ಬೆಳಗಾದ ಮೇಲೆ ಚಹದಂಗಡಿಯ ಮುಂದೆಯೂ ವಾದ ನಿಲ್ಲುವುದಿಲ್ಲ.

ಗಮಕದ ಸಭೆಯಲ್ಲಿಯೂ ಇದನ್ನೇ ಕಂಡಿದ್ದೇನೆ. ನಮ್ಮ ನಗರದ ಪಕ್ಕದಲ್ಲಿ ತುಂಗೆಯ ಎರಡು ದಡಗಳಲ್ಲಿರುವ ಮತ್ತೂರು, ಹೊಸಹಳ್ಳಿಗಳು ಈ ಕಲೆಗೆ ಹೆಸರಾದವು. 2022ರಲ್ಲಿ ಪದ್ಮಶ್ರೀ ಗೌರವ ಪಡೆದು ಅದೇ ವರ್ಷ ಅಗಲಿದ ಎಚ್.ಆರ್. ಕೇಶವಮೂರ್ತಿಗಳು ಹೊಸಹಳ್ಳಿಯವರು. ಒಳ್ಳೆಯ ಗಮಕಿಯ ಕಂಠದಲ್ಲಿ ಭಾರತದ ಕರ್ಣಭೇದನದ ಭಾಗ ಬಂದಾಗ ಕೃಷ್ಣಭಕ್ತರಾದ ಅಜ್ಜಂದಿರೇ ಕರ್ಣನಿಗಾಗಿ ಕಣ್ಣೊರೆಸಿಕೊಳ್ಳುತ್ತಿದ್ದರು.

ಇದರಿಂದ ತಿಳಿಯುವುದೇನು? ಪಕ್ಷಭೇದ ಸಭೆಯನ್ನು ಒಡೆಯುವುದಿಲ್ಲ, ಹಿಡಿದು ಕೂರಿಸುತ್ತದೆ. ಎದುರು ಪಕ್ಷಕ್ಕೂ ಯೋಗ್ಯವಾದ ಮಾತಿದೆ ಎಂಬ ಅರಿವಿನಿಂದಲೇ ಕೇಳುಗ ನಿದ್ದೆಗೆಟ್ಟು ಕುಳಿತಿರುತ್ತಾನೆ. ಬಕಾಸುರನ ವಧೆಗಾಗಿ ಯಾರೂ ಬೆಳಗಿನ ಜಾವದವರೆಗೆ ವಾದಿಸುವುದಿಲ್ಲ.

ಸುಟ್ಟುಹೋದ ಮಹಾವೃಕ್ಷ

ಇಷ್ಟಾದ ಮೇಲೆ ಪ್ರಕೃತ ವಿಷಯಕ್ಕೆ ಬರೋಣ. ಅಂತರ್ಜಾಲದ ಆಟದಲ್ಲಿ ಪಕ್ಷಭೇದದ ಪಾತ್ರದಿಂದ ಏನಾಯಿತೆಂಬುದನ್ನು ನನಗೆ ತಿಳಿಸಿಕೊಟ್ಟವರು ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರು. ಅವರು ಬೆಂಗಳೂರಿನಲ್ಲಿ ಗಣಕದ ಉದ್ಯೋಗದಲ್ಲಿದ್ದಾರೆ. ದಸರೆಯ ರಜೆಗೆ ಊರಿಗೆ ಬಂದಾಗ ಎರಡು ಸಂಜೆ ನನ್ನ ಪಕ್ಕದಲ್ಲಿ ಕುಳಿತು ತೆರೆಯ ಮೇಲೆ ತೋರಿಸುತ್ತ ವಿವರಿಸಿದರು.

ಅಮೆರಿಕದ ಬ್ಲಿಜ಼ರ್ಡ್ ಸಂಸ್ಥೆ 2004ರಲ್ಲಿ ಹೊರತಂದ ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಎಂಬ ಆಟ ಇಂದಿಗೂ ನಡೆಯುತ್ತಿದೆ. ಅದರಲ್ಲಿ ಅಲಯನ್ಸ್, ಹೋರ್ಡ್ ಎಂದು ಎರಡು ಪಕ್ಷಗಳು. ಆಟಗಾರ ಮೊದಲೇ ಒಂದು ಪಕ್ಷಕ್ಕೆ ಸೇರಿ ವರ್ಷಾನುಗಟ್ಟಲೆ ಅದರ ಪರವಾಗಿ ಆಡುತ್ತಾನೆ. ಹೋರ್ಡ್ ಪಕ್ಷದ ಸಿಲ್ವಾನಸ್ ಎಂಬ ನಾಯಕಿಯ ಪೂರ್ವಕಥೆ ಕರುಣಾಜನಕವಾದದ್ದು. ತನ್ನ ನಾಡನ್ನು ರಕ್ಷಿಸಲು ಹೋರಾಡಿ ಸತ್ತವಳನ್ನು ಶತ್ರುವೇ ಪ್ರೇತರೂಪದಲ್ಲಿ ಎಬ್ಬಿಸಿ ಊಳಿಗಕ್ಕೆ ಹಚ್ಚಿದ. ಅವಳು ಆ ಸೆರೆಯನ್ನು ಹರಿದುಕೊಂಡು ಬಂದು ತನ್ನಂತೆಯೇ ಆದವರಿಗೆ ನಾಯಕಿಯಾದಳು. ಕಾಲಕ್ರಮದಲ್ಲಿ ಇಡೀ ಹೋರ್ಡಿನ ಅಧಿಪತ್ಯವೂ ಅವಳಿಗೆ ಬಂತು. ಅವಳ ಛಲವನ್ನು ಮೆಚ್ಚುವ ಆಟಗಾರರು ಲೋಕದಾದ್ಯಂತ ಇದ್ದಾರೆ.

2018ರಲ್ಲಿ, ಆಟದ ಹೊಸ ಅಧ್ಯಾಯವೊಂದಕ್ಕೆ ಪೀಠಿಕೆಯಾಗಿ, ಸಿಲ್ವಾನಸ್ ಎದುರು ಪಕ್ಷದವರು ನೆಲಸಿದ್ದ ಟೆಲ್‌ಡ್ರಾಸಿಲ್ ಎಂಬ ಮಹಾವೃಕ್ಷದ ಮೇಲೆ ದಂಡೆತ್ತಿ ಹೋದಳು. ಆ ಮರದ ಮೇಲೆ ಒಂದು ನಗರವೇ ಇತ್ತು. ಅಲ್ಲಿಯತನಕ ಸೈನ್ಯಕ್ಕೆ ದಾರಿ ಮಾಡಿಕೊಡುವ ಬೆಸಗಳನ್ನು ಹೋರ್ಡಿನ ಆಟಗಾರರು ತಾವೇ ಮಾಡಿದರು. ಮರವನ್ನು ವಶಪಡಿಸಿಕೊಳ್ಳುವುದೇ ಉದ್ದೇಶವೆಂದು ಅವರು ತಿಳಿದಿದ್ದರು. ಕೊನೆಯ ಗಳಿಗೆಯಲ್ಲಿ ಅವಳು ಮರವನ್ನು ಸುಟ್ಟುಬಿಡಲು ಆಜ್ಞೆ ಮಾಡಿದಳು. ಎದುರು ಪಕ್ಷದ ಆಟಗಾರರಿಗೆ ಉರಿಯುವ ನಗರದಿಂದ ಜನರನ್ನು ಪಾರುಮಾಡುವ ಬೆಸ ಬಂತು. ಸಿಕ್ಕ ಕಾಲ ಕೆಲವೇ ನಿಮಿಷಗಳು, ಎಷ್ಟು ಚುರುಕಾಗಿ ಓಡಾಡಿದರೂ ಎಲ್ಲರನ್ನೂ ಉಳಿಸಲಾಗದಂತೆ ಅದನ್ನು ರಚಿಸಿದ್ದರು.

ಮೆಚ್ಚತಕ್ಕ ಸಂಗತಿಯೆಂದರೆ, ಸೋತ ಪಕ್ಷದವರ ಮೇಲೆ ಆ ಬೆಸ ಗಾಢವಾದ ಪರಿಣಾಮ ಮಾಡಿತು. ಯಾರೂ ಗೆಲ್ಲಲಾಗದ ಕೆಲಸವನ್ನು ಅವರು ಮನಸ್ಸಿಟ್ಟು ಮಾಡಿದರು. ತೀವ್ರವಾದ ಆಕ್ಷೇಪ ಹುಟ್ಟಿದ್ದು ಗೆದ್ದ ಪಕ್ಷದಲ್ಲಿ. "ನಾನು ಯುದ್ಧಕ್ಕೆ ಬಂದವನು, ಮನೆಗಳಿಗೆ ಬೆಂಕಿ ಇಡಲು ಬಂದವನಲ್ಲ, ಒಲ್ಲೆನೆನ್ನಲು ನನಗೆ ಅವಕಾಶವೇ ಇರಲಿಲ್ಲ" ಎಂಬುದು ಹೋರ್ಡಿನ ಅನೇಕರ ದೂರಿನ ಸಾರ. ಬೇರೆ ಕೆಲವರು ಸಿಲ್ವಾನಸಳ ಪರವಾಗಿ ಇನ್ನಷ್ಟು ಬಿಗಿಯಾಗಿ ನಿಂತರು. ನಮ್ಮ ಹಳೆಯ ವಿದ್ಯಾರ್ಥಿಯೂ ಹೋರ್ಡಿನವರೇ. ಅವರು ಆಟವನ್ನು ಬಿಡಲಿಲ್ಲವಂತೆ. ಆದರೆ ಅಂದಿನಿಂದ ಬೆಸದ ಜೊತೆಗೆ ಬರುವ ಕಥೆಯನ್ನು ಓದುವುದನ್ನು ಬಿಟ್ಟರಂತೆ. "ಹೇಳಿದ ಕಡೆ ಹೋಗುತ್ತಿದ್ದೆ, ಹೇಳಿದ್ದನ್ನು ಮಾಡುತ್ತಿದ್ದೆ, ಬಹುಮಾನ ತೆಗೆದುಕೊಳ್ಳುತ್ತಿದ್ದೆ, ಅಷ್ಟೇ ಸಾರ್" ಎಂದರು. ಈ ಮಾತು ಅಧ್ಯಾಪಕರ ಕಿವಿಗೆ ಚುಚ್ಚಬೇಕಾದದ್ದು. ಕೈ ಕೆಲಸ ಮಾಡುತ್ತಿದೆ, ಮನಸ್ಸು ಎದ್ದು ಹೋಗಿದೆ. ಹೊರಗಿನಿಂದ ಎಣಿಸುವವನಿಗೆ ಅವರು ಆಡಿದ ಗಂಟೆಗಳು ಅಷ್ಟೇ ಇರುತ್ತವೆ. ಹಾಜರಿ ಪುಸ್ತಕದಲ್ಲಿ ತುಂಬಿರುವ ತರಗತಿಯೂ ಎಷ್ಟೋ ಸಲ ಹೀಗೆಯೇ ಇರುತ್ತದೆ.

ಆಟ ಕಟ್ಟಿದವರೂ ಮುಂದೆ ಬೇರೊಂದು ದಾರಿ ತೆರೆದರು. ಸೌರ್‌ಫ್ಯಾಂಗ್ ಎಂಬ ಮುದಿಯೋಧ, ಆ ದಂಡಯಾತ್ರೆಯಲ್ಲಿ ತಾನೂ ಪಾಲುಗೊಂಡವನು, ಸುಡುವಿಕೆಯನ್ನು ಸಹಿಸಲಾರದೆ ನಾಯಕಿಯ ವಿರುದ್ಧ ನಿಂತ. ಹೋರ್ಡಿನ ಆಟಗಾರನಿಗೆ ಆಯ್ಕೆ ಬಂತು: ಮುದುಕನ ಜೊತೆ ಸೇರುತ್ತೀಯೋ, ನಾಯಕಿಗೆ ನಿಷ್ಠನಾಗಿಯೇ ಉಳಿಯುತ್ತೀಯೋ? ಕಥೆಯ ಕೊನೆ ಎರಡು ದಾರಿಯಲ್ಲಿಯೂ ಹೆಚ್ಚುಕಡಿಮೆ ಒಂದೇ. ಸೌರ್‌ಫ್ಯಾಂಗ್ ದ್ವಂದ್ವಯುದ್ಧದಲ್ಲಿ ಮಡಿಯುತ್ತಾನೆ, ಸಿಲ್ವಾನಸ್ ಹೋರ್ಡನ್ನು ತೊರೆದು ಹೋಗುತ್ತಾಳೆ. "ಕೊನೆ ಒಂದೇ ಆದರೆ ಆಯ್ಕೆಯಿಂದ ಏನು ಲಾಭ?" ಎಂದು ನಾನು ಕೇಳಿದೆ. "ನಾನು ಯಾರ ಕಡೆ ಇದ್ದೆ ಅನ್ನುವುದಾದರೂ ನನಗೆ ಗೊತ್ತಿತ್ತಲ್ಲ ಸಾರ್" ಎಂದರು. ಮುದುಕನ ಬೆಸಗಳ ಕಥೆಯನ್ನು ಅವರು ಮತ್ತೆ ಅಕ್ಷರ ಬಿಡದೆ ಓದಿದರಂತೆ.

ಅಂತರ್ಜಾಲದ ಸಮುದಾಯವಿಲ್ಲದೆ ಒಬ್ಬನೇ ಆಡುವ ಆಟಗಳಿಂದಲೂ ಒಂದು ನಿದರ್ಶನ ಕೊಡಬಹುದು. 2009ರಲ್ಲಿ ಬಂದ ಕಾಲ್ ಆಫ್ ಡ್ಯೂಟಿ ಸರಣಿಯ ಆಟವೊಂದರಲ್ಲಿ, ವಿಮಾನ ನಿಲ್ದಾಣದಲ್ಲಿ ನಿರಪರಾಧಿಗಳನ್ನು ಕೊಲ್ಲುವ ಗುಂಪಿನೊಳಗೆ ಗೂಢಚಾರನಾಗಿ ನಡೆಯಬೇಕಾದ ಬೆಸವಿತ್ತು. ಅದರ ವಿಷಯದಲ್ಲಿ ಬಹಳ ವಿವಾದವಾಯಿತು. ಆದರೆ ಆಟದವರು ಮೊದಲೇ ಎಚ್ಚರಿಕೆ ಹೇಳಿ, ಬೇಡವಾದವರು ಆ ಬೆಸವನ್ನು ಬಿಟ್ಟು ಮುಂದೆ ಹೋಗಬಹುದೆಂದು ಅವಕಾಶವಿತ್ತಿದ್ದರು; ಒಳಗೆ ಹೋದವನೂ ಗುಂಡು ಹಾರಿಸದೆ ನಡೆಯಬಹುದಿತ್ತು. ಆ ಬೆಸ ಒಳ್ಳೆಯದೆಂದು ನಾನು ಹೇಳುತ್ತಿಲ್ಲ. ಅಲ್ಲಿ ಬಾಗಿಲೊಂದಿತ್ತು ಎಂಬಷ್ಟನ್ನೇ ಹೇಳುತ್ತಿದ್ದೇನೆ.

ನೋಡುವವನೂ ಮಾಡುವವನೂ

ಕಾವ್ಯದಲ್ಲಿ ಪಕ್ಷಭೇದ ಓದುಗನನ್ನು ಹಿಡಿದಿಡುತ್ತದೆ. ಆಟದಲ್ಲಿ ಅದೇ ಪಕ್ಷಭೇದ ಕೆಲವೊಮ್ಮೆ ಆಟಗಾರನನ್ನು ಹೊರಗೆ ನೂಕುತ್ತದೆ. ಈ ವ್ಯತ್ಯಾಸಕ್ಕೆ ಕಾರಣವನ್ನು ನಮ್ಮ ಆಲಂಕಾರಿಕರ ಬೆಳಕಿನಲ್ಲಿ ಹುಡುಕಬಹುದು. ಭಟ್ಟನಾಯಕನೂ ಅಭಿನವಗುಪ್ತನೂ ವಿವರಿಸಿದ ಸಾಧಾರಣೀಕರಣವೆಂಬ ತತ್ತ್ವ ಪಂಡಿತರಿಗೆ ವಿದಿತವೇ ಆಗಿದೆ. ರಂಗದ ಮೇಲಿನ ದುಃಖ ಇವನದೂ ಅಲ್ಲ, ನನ್ನದೂ ಅಲ್ಲ, ಎಲ್ಲರಿಗೂ ಸೇರಿದ್ದು ಎಂಬ ಭಾವದಿಂದ ಸಹೃದಯನಿಗೆ ರಸಾನುಭವವಾಗುತ್ತದೆ. ರಸಕ್ಕೆ ಅಡ್ಡಿಯಾಗುವ ಏಳು ವಿಘ್ನಗಳನ್ನು ಹೇಳುವಾಗ ಅಭಿನವಗುಪ್ತನು "ಇದು ನನಗೇ ಆಗುತ್ತಿದೆ" ಎಂಬ ಸ್ವಂತದ ಭಾವದಲ್ಲಿ ಮುಳುಗಿಹೋಗುವುದನ್ನೂ ಒಂದು ವಿಘ್ನವಾಗಿ ಎಣಿಸಿದ್ದಾನೆ.

ಆಟದಲ್ಲಿ ಈ ದೂರ ಉಳಿಯುವುದಿಲ್ಲ. ನಟನೂ ಆಟಗಾರನೇ, ಪ್ರೇಕ್ಷಕನೂ ಆಟಗಾರನೇ. ದುಃಶಾಸನ ಸೀರೆ ಸೆಳೆಯುವುದನ್ನು ಸಭೆಯಲ್ಲಿ ಕುಳಿತು ನೋಡಿದಾಗ ರೌದ್ರವೋ ಕರುಣವೋ ಹುಟ್ಟುತ್ತದೆ. ಆ ಸೆರಗಿನ ತುದಿಯನ್ನು ನನ್ನ ಕೈಯಲ್ಲಿಯೇ ಕೊಟ್ಟು "ಎಳೆ, ಇಲ್ಲವಾದರೆ ಕಥೆ ಮುಂದಕ್ಕೆ ಹೋಗುವುದಿಲ್ಲ" ಎಂದರೆ ಹುಟ್ಟುವುದು ರಸವಲ್ಲ, ಹೇಸಿಗೆ. ಆ ಹೇಸಿಗೆ ದುಃಶಾಸನನ ಮೇಲೆ ಮಾತ್ರವಲ್ಲದೆ ನನ್ನ ಮೇಲೆಯೂ ಹುಟ್ಟುತ್ತದೆ. ಅದನ್ನು ತಾಳಲಾರದೆ ಒಬ್ಬ ಆಟವನ್ನೇ ಬಿಡುತ್ತಾನೆ. ಇನ್ನೊಬ್ಬ ಮನಸ್ಸನ್ನು ಹಿಂದಕ್ಕೆ ಎಳೆದುಕೊಂಡು ಕೈಯನ್ನು ಮಾತ್ರ ಆಟದಲ್ಲಿ ಬಿಡುತ್ತಾನೆ. ಮೂರನೆಯವನು ತಾನು ಮಾಡಿದ್ದು ಸರಿಯೆಂದು ತನಗೆ ತಾನೇ ಒಪ್ಪಿಸಿಕೊಳ್ಳಲು ಆ ಪಾತ್ರದ ಕುರುಡು ಭಕ್ತನಾಗುತ್ತಾನೆ. ಈ ಮೂರನೆಯವನ ಬಗ್ಗೆ ನಾವು ಹೆಚ್ಚು ಚಿಂತಿಸಬೇಕೆಂದು ನನಗೆ ತೋರುತ್ತದೆ.

ಆದುದರಿಂದ ನಾನು ಕಂಡುಕೊಂಡ ನಿರ್ಣಯ ಇಷ್ಟು. ಪಕ್ಷಭೇದದ ಪಾತ್ರಕ್ಕೆ ತನ್ನದೇ ಆದ ನ್ಯಾಯವಾದ ಮಾತಿದ್ದು, ಆಟಗಾರನಿಗೆ ಒಪ್ಪುವ ಅಥವಾ ಒಲ್ಲೆನೆನ್ನುವ ಬಾಗಿಲೊಂದು ತೆರೆದಿದ್ದರೆ ಅವನ ಮನಸ್ಸು ಬೆಸದಲ್ಲಿ ಆಳವಾಗಿ ತೊಡಗುತ್ತದೆ. ಬಾಗಿಲನ್ನು ಮುಚ್ಚಿ ಪಾತ್ರದ ಪಾಪವನ್ನು ಅವನ ಕೈಯಿಂದಲೇ ಮಾಡಿಸಿದರೆ ತೊಡಗುವಿಕೆ ಸಾಯುತ್ತದೆ, ಅಥವಾ ವಿಕಾರಗೊಳ್ಳುತ್ತದೆ.

ನನ್ನ ತಪ್ಪು

ಈ ನಿರ್ಣಯಕ್ಕೆ ಬರಲು ಆಟಗಳ ಪರಿಚಯವೇ ಬೇಕಾಗಿರಲಿಲ್ಲ. ಇಪ್ಪತ್ತೈದು ವರ್ಷಗಳ ಹಿಂದೆಯೇ ನನ್ನ ಕಣ್ಣೆದುರು ಅದು ನಡೆದಿತ್ತು. ಕಾಣಲು ನನಗೆ ಕಣ್ಣಿರಲಿಲ್ಲ. ಆಗ ನಾನು ಬೇರೊಂದು ಶಾಲೆಯಲ್ಲಿದ್ದೆ. ವರ್ಷಕ್ಕೊಮ್ಮೆ ಹುಡುಗರಿಂದ ದ್ಯೂತ ಪ್ರಸಂಗದ ತಾಳಮದ್ದಲೆ ಮಾಡಿಸುತ್ತಿದ್ದೆ. ಎಂಟನೆಯ ತರಗತಿಯ ಒಬ್ಬ ಹುಡುಗನ ನಾಲಿಗೆ ಬಹಳ ಹರಿತ. ಅವನಿಗೆ ಶಕುನಿಯ ಪಾತ್ರ ಕೊಟ್ಟೆ. ಸಭೆ ಚಪ್ಪಾಳೆ ತಟ್ಟಿತು. ಮರುವರ್ಷವೂ ಅವನೇ ಶಕುನಿ. ಅಷ್ಟು ಹೊತ್ತಿಗೆ ಊಟದ ಸಾಲಿನಲ್ಲಿ, ಆಟದ ಬಯಲಿನಲ್ಲಿ ಎಲ್ಲರೂ ಅವನನ್ನು ಆ ಹೆಸರಿನಿಂದಲೇ ಕರೆಯತೊಡಗಿದ್ದರು. ಯಾರ ಪೆನ್ನು ಕಳೆದರೂ ಅವನ ಚೀಲವನ್ನು ಮೊದಲು ನೋಡುತ್ತಿದ್ದರು. ಮೂರನೆಯ ವರ್ಷ ಅವನು ನನ್ನ ಬಳಿಗೆ ಬಂದು, "ಈ ಸಲ ವಿದುರನ ಪಾತ್ರ ಕೊಡಿ ಸಾರ್" ಎಂದು ಕೇಳಿದ. "ನಿನ್ನ ನಾಲಿಗೆಗೆ ಶಕುನಿಯೇ ಸರಿ ಕಣೋ" ಎಂದು ನಕ್ಕು ಕಳುಹಿಸಿದೆ. ಆ ವರ್ಷದ ಪ್ರಸಂಗದಲ್ಲಿ ಅವನು ಮಾತು ತಪ್ಪಲಿಲ್ಲ. ಬರೆದುಕೊಟ್ಟದ್ದನ್ನು ಒಪ್ಪಿಸಿ ಕುಳಿತ. ಒಂದು ಪದವನ್ನೂ ತನ್ನದಾಗಿ ಸೇರಿಸಲಿಲ್ಲ. ಅನಂತರ ತರಗತಿಯಲ್ಲಿಯೂ ಅವನು ಬಾಯಿ ಬಿಡುವುದು ನಿಂತಿತು.

ಕೆಲವು ವರ್ಷಗಳ ಕೆಳಗೆ ಭದ್ರಾವತಿಯ ಬಸ್ ನಿಲ್ದಾಣದಲ್ಲಿ ಯಾರೋ ಬಂದು ಕಾಲು ಮುಟ್ಟಿ ನಮಸ್ಕರಿಸಿದರು. ಗುರುತು ಹತ್ತಲಿಲ್ಲ. "ನಾನು ಸಾರ್, ಶಕುನಿ" ಎಂದು ನಗುತ್ತ ಹೇಳಿದ. ಊರಿನಲ್ಲಿ ಹಳೆಯ ಗೆಳೆಯರು ಇನ್ನೂ ಹಾಗೆಯೇ ಕರೆಯುತ್ತಾರಂತೆ. ಅವನು ನಗುತ್ತಿದ್ದ, ನನಗೆ ನಗು ಬರಲಿಲ್ಲ. ಕ್ಷಮೆ ಕೇಳಬೇಕೆನ್ನುವಷ್ಟರಲ್ಲಿ ಅವನ ಬಸ್ಸು ಹೊರಟಿತು.

ವಿಚಿತ್ರವೆಂದರೆ, ನನಗೆ ತಿಳಿಯದ್ದನ್ನು ಮಕ್ಕಳ ಒಂದು ಆಟ ತಿಳಿದಿತ್ತು. 2018ರಲ್ಲಿ ಬಂದು 2020ರಲ್ಲಿ ಎಲ್ಲೆಡೆ ಹರಡಿದ ಅಮಂಗ್ ಅಸ್ ಎಂಬ ಆಟದಲ್ಲಿ ಆಟಗಾರರೆಲ್ಲ ಒಂದು ನೌಕೆಯಲ್ಲಿ ಸಣ್ಣಪುಟ್ಟ ಬೆಸಗಳನ್ನು ಮಾಡುತ್ತಿರುತ್ತಾರೆ. ಅವರೊಳಗೆ ಒಬ್ಬನೋ ಇಬ್ಬರೋ ಗುಪ್ತದ್ರೋಹಿಗಳು. ಎಲ್ಲರೂ ಸಭೆ ಸೇರಿ, ವಾದಿ ಪ್ರತಿವಾದಿಗಳಾಗಿ, ಮತ ಹಾಕಿ ದ್ರೋಹಿಯನ್ನು ಹೊರಹಾಕಬೇಕು. ಗೆಳೆಯರಲ್ಲಿ ಜಗಳ ಹಚ್ಚುವುದಕ್ಕೆ ಇದಕ್ಕಿಂತ ಒಳ್ಳೆಯ ಉಪಾಯವಿಲ್ಲವೆಂದು ತೋರುತ್ತದೆ. ಆದರೂ ಮಕ್ಕಳು ಮತ್ತೆ ಮತ್ತೆ ಆಡುತ್ತಾರೆ. ಏಕೆಂದರೆ ದ್ರೋಹಿ ಯಾರೆಂಬುದನ್ನು ಆಟವೇ ಚೀಟಿ ಎತ್ತಿದಂತೆ ನಿರ್ಧರಿಸುತ್ತದೆ. ಮುಂದಿನ ಸುತ್ತಿಗೆ ಆ ಪಾತ್ರ ಇನ್ನೊಬ್ಬನ ಪಾಲಾಗುತ್ತದೆ. ದ್ವೇಷ ಪಾತ್ರದ ಮೇಲೆ ಉಳಿಯುತ್ತದೆ, ಮನುಷ್ಯನ ಮೈಗೆ ಅಂಟುವುದಿಲ್ಲ. ನನ್ನ ಶಕುನಿಗೆ ಮೂರು ವರ್ಷ ಸುತ್ತು ಬದಲಾಗಲೇ ಇಲ್ಲ.

ನಾವು ಮಾಡಬಹುದಾದದ್ದು

ಅಧ್ಯಾಪಕ ಬಂಧುಗಳಲ್ಲಿ ನನ್ನ ವಿನಂತಿ ಸರಳವಾದದ್ದು. ಆಟವಾಡುವ ವಿದ್ಯಾರ್ಥಿಯನ್ನು ಕಂಡಾಗ "ಎಷ್ಟು ಗಂಟೆ ಆಡಿದೆ?" ಎಂದು ಕೇಳುವುದು ನಮ್ಮ ವಾಡಿಕೆ. ಅದನ್ನು ಕೇಳಲೇಬೇಕು; ನಿದ್ದೆಗೆಟ್ಟ ಕಣ್ಣುಗಳನ್ನು ನಾನೂ ದಿನವೂ ನೋಡುತ್ತೇನೆ. ಅದರ ಜೊತೆಗೆ "ಯಾರ ಕಡೆ ಆಡಿದೆ? ಯಾಕೆ? ಒಲ್ಲೆನೆನ್ನುವ ಮನಸ್ಸು ಯಾವಾಗಲಾದರೂ ಬಂತೇ?" ಎಂಬ ಮಾತನ್ನೂ ಕೇಳಿರಿ. ಗಂಟೆಯ ಲೆಕ್ಕ ಕೇಳಿದರೆ ಹುಡುಗ ಸುಳ್ಳು ಹೇಳುತ್ತಾನೆ. ಪಕ್ಷದ ಲೆಕ್ಕ ಕೇಳಿದರೆ ಕಥೆ ಹೇಳುತ್ತಾನೆ. ನಮ್ಮ ಶಾಲೆಯಲ್ಲಿ ನಾನು ಈಚೆಗೆ ಮಾಡುತ್ತಿರುವ ತಾಳಮದ್ದಲೆಯಲ್ಲಿ ಒಂದು ನಿಯಮವಿದೆ. ಪ್ರಸಂಗದ ನಡುವೆ ಅರ್ಥಧಾರಿಗಳು ಜಾಗ ಬದಲಾಯಿಸಿಕೊಳ್ಳಬೇಕು. ವಾಲಿಯಾಗಿ ಕೇಳಿದವನು ರಾಮನಾಗಿ ಉತ್ತರ ಹೇಳಬೇಕು. ಯಾವುದಾದರೂ ಪಾತ್ರ ಬೇಡವೆಂದು ಒಬ್ಬ ಹೇಳಿದರೆ ಅವನನ್ನು ಒತ್ತಾಯಿಸುವಂತಿಲ್ಲ.

ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಒಂದು ಮಾತು. ಶ್ರೀಮಠದ ಈ ಶಾಲೆಗೆ ನೀವು ಕೊಟ್ಟ ಕಟ್ಟಡ, ಗಣಕಯಂತ್ರಗಳು ಮಕ್ಕಳಿಗೆ ಬಹಳ ಉಪಕಾರವಾಗಿವೆ. ನಿಮ್ಮಲ್ಲಿ ಕೆಲವರು ಇಂಥ ಆಟಗಳನ್ನು ಬಲ್ಲವರು, ಕೆಲವರು ಅವುಗಳನ್ನು ಕಟ್ಟುವ ಉದ್ಯೋಗದಲ್ಲಿಯೇ ಇರುವವರು. ರಜೆಗೆ ಬಂದಾಗ ಒಂದು ಸಂಜೆ ಬಂದು ನಮ್ಮ ಮಕ್ಕಳ ನಡುವೆ ಕುಳಿತರೆ ಅದೂ ದೊಡ್ಡ ದಾನವೇ.

ಇನ್ನು ಭದ್ರಾವತಿಯ ಆ ಹುಡುಗನಿಗೆ ಕೊಡಬೇಕಾದ ಉತ್ತರ ಉಳಿದಿದೆ. ಅವನೀಗ ಇಂಜಿನಿಯರಿಂಗ್ ಓದುತ್ತಿದ್ದಾನೆಂದು ಕೇಳಿದ್ದೇನೆ; ಈ ಸಂಚಿಕೆ ಅವನ ಮನೆಗೂ ತಲುಪೀತು. ಆಡಬಹುದಪ್ಪಾ, ದುರ್ಯೋಧನನ ಕಡೆಯಿಂದ ಧಾರಾಳವಾಗಿ ಆಡಬಹುದು. ರನ್ನನೇ ನಿನಗೆ ಅರ್ಧ ದಾರಿ ಮಾಡಿಕೊಟ್ಟಿದ್ದಾನೆ. ಮುಂದೊಂದು ದಿನ ಆ ಆಟವನ್ನು ಕಟ್ಟುವವನು ನೀನೇ ಆದರೆ ಒಂದು ಕಡೆ ಎಚ್ಚರವಾಗಿರು. ತೊಡೆ ಮುರಿದು ಬಿದ್ದ ಅರಸನಿಗಾಗಿ, ನಡುರಾತ್ರಿಯಲ್ಲಿ, ಮಲಗಿರುವವರ ಶಿಬಿರಕ್ಕೆ ಅಶ್ವತ್ಥಾಮ ಹೊರಡುತ್ತಾನೆ. ಆಗ ಅಲ್ಲಿ ಕೃಪಾಚಾರ್ಯನಿದ್ದಾನೆ. ನಿದ್ರಿಸುವವರನ್ನು ಕೊಲ್ಲಬೇಡ, ಬೆಳಗಾಗಲಿ ಎಂದು ತಡೆಯುತ್ತಾನೆ. ಆ ಮಾತನ್ನು ಆಡುವ ಅವಕಾಶವನ್ನು ನಿನ್ನ ಆಟಗಾರನಿಗೂ ಇಡು. ವ್ಯಾಸರ ಕಥೆಯಲ್ಲಿ ಕೃಪ ಕೊನೆಗೆ ಅಶ್ವತ್ಥಾಮನ ಹಿಂದೆಯೇ ಹೋಗಿ ಶಿಬಿರದ ಬಾಗಿಲಲ್ಲಿ ನಿಂತುಬಿಟ್ಟ. ನಿನ್ನ ಆಟಗಾರ ಏನು ಮಾಡುತ್ತಾನೋ ಅದನ್ನು ಅವನಿಗೇ ಬಿಡು.